ಅಪ್ಪನ ಪೈಪಿನ ತಂಬಾಕು ನಿಂತುಹೋಯಿತು, ಈಗೇನು ಮಾಡೋದು?

ಪ್ರಶ್ನೆ: “ನಾವು ಸಕಲೇಶಪುರದ ಕಡೆಯವರು. ಅಪ್ಪನಿಗೆ ಈಗ 74. ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ಬರೆಯುವವರು) ಆಗಿದ್ದು ನಿವೃತ್ತರಾದವರು. ತೋಟದ ಹಳೇ ಮ್ಯಾನೇಜರ್ ಒಬ್ಬರು ಊರು ಬಿಡುವಾಗ ಕೊಟ್ಟುಹೋದ ಪೈಪನ್ನು 1978ರಿಂದ ಸೇದುತ್ತಿದ್ದಾರೆ. ಇಪ್ಪತ್ತು ವರ್ಷದಿಂದ ಅಮೆರಿಕದ ಸಟ್ಲಿಫ್ ಕಂಪನಿಯ ಒಂದೇ ತಂಬಾಕು, ಅಲ್ಲಿರುವ ನನ್ನ ಅಣ್ಣ ಬರುವಾಗ ತರುತ್ತಾನೆ. ಆ ಫ್ಯಾಕ್ಟರಿ ಮುಚ್ಚಿದೆ, ಅಪ್ಪನ ತಂಬಾಕು ಇನ್ನು ಸಿಗುವುದಿಲ್ಲ ಎಂದು ಅಣ್ಣ ಹೇಳಿದ ದಿನದಿಂದ ಅಪ್ಪ ಯಾರೋ ಹತ್ತಿರದವರು ಹೋದ ಹಾಗೆ ಕೂತುಬಿಟ್ಟಿದ್ದಾರೆ. ಮನೆಯಲ್ಲಿ ಉಳಿದಿರುವುದು ತೆರೆದ ಡಬ್ಬಿ ಒಂದು, ತೆರೆಯದ ಡಬ್ಬಿ ಎರಡು. ಅದರಲ್ಲಿ ಒಂದು ಹನ್ನೊಂದು ವರ್ಷ ಹಳೆಯದು. ಸರ್ಕಾರದವರು ಕಾನೂನು ತಂದು ಮುಚ್ಚಿಸಿದರು ಅಂತಾರೆ, ಹೌದಾ? ಹಳೇ ಡಬ್ಬಿ ಸೇದಿದರೆ ವಿಷ ಅಂತಾರೆ, ನಿಜವಾ? ಅದೇ ತಂಬಾಕು ಬೇರೆ ಹೆಸರಲ್ಲಿ ಬೆಂಗಳೂರಲ್ಲಿ ಸಿಗುತ್ತೆ ಅಂತ ಒಬ್ಬರು ಹೇಳಿದರು. ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ನಮ್ಮ ಸೋದರಮಾವ, ‘ಎಲೆ ನಾನೇ ಕೊಡ್ತೀನಿ, ಬೆಲ್ಲದ ನೀರು, ಸ್ವಲ್ಪ ರಮ್ಮು ಹಾಕಿ ಹದ ಮಾಡ್ಕೊಳ್ಳಿ’ ಅನ್ನುತ್ತಾರೆ. ಇನ್ನೊಂದು ವಿಷಯ. ಕಳೆದ ತಿಂಗಳು ಹಲ್ಲಿನ ಡಾಕ್ಟರು ಅಪ್ಪನ ಕೆನ್ನೆಯ ಒಳಗೆ ಬಿಳಿ ಮಚ್ಚೆ ನೋಡಿ ಪರೀಕ್ಷೆ ಮಾಡಿಸಿ ಎಂದರು. ‘ನಾನು ಹೊಗೆ ಎದೆಗೆ ಎಳೆಯೋದೇ ಇಲ್ಲ, ನನಗೇನಾಗುತ್ತೆ’ ಅಂತ ಅಪ್ಪ ಹೋಗುತ್ತಿಲ್ಲ. ನಾನೇನು ಮಾಡಲಿ?”

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಡಬ್ಬಿಗಳ ಲೆಕ್ಕವೇ ಕಣ್ಣಿಗೆ ಬಿತ್ತು. ಎರಡನೇ ಸಲ ಓದಿದಾಗ ‘ಇನ್ನೊಂದು ವಿಷಯ’ ಎಂದು ಕೊನೆಗೆ ಬರೆದ ಆ ನಾಲ್ಕು ಸಾಲೇ ಮನಸ್ಸಿನಲ್ಲಿ ನಿಂತಿತು. ಉಳಿದಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಹೇಳುತ್ತೇನೆ, ಆದರೆ ಇದನ್ನು ಓದಿ ಮುಗಿಸುವ ಮೊದಲೇ ಒಂದು ಕೆಲಸ ಮಾಡಿ. ಬಾಯಿಯ ಪರೀಕ್ಷೆಗೆ ದಿನ ಗೊತ್ತು ಮಾಡಿ. ಅಪ್ಪನನ್ನು ಒಪ್ಪಿಸುವುದು ಹೇಗೆ ಅಂತ ಮುಂದೆ ಬರೆದಿದ್ದೇನೆ.

ನಾನು ಡಾಕ್ಟರಲ್ಲ. 31 ವರ್ಷ ಹೊಗೆಸೊಪ್ಪಿನ ಎಲೆ ನೋಡಿ ದರ್ಜೆ ಹೇಳುವ, ಕೊಳ್ಳುವ ಕೆಲಸ ಮಾಡಿದವನು. ರಾಮನಾಥಪುರ, ಪಿರಿಯಾಪಟ್ಟಣ, ಹುಣಸೂರು, ಈ ಮೂರು ಕಡೆಯ ಹರಾಜು ಮಾರುಕಟ್ಟೆಯಲ್ಲೇ ನನ್ನ ಆಯಸ್ಸು ಕಳೆಯಿತು. ಎಲೆ ಹೇಗೆ ಹುಟ್ಟುತ್ತದೆ, ಹೇಗೆ ಹದವಾಗುತ್ತದೆ, ಹೇಗೆ ಕೆಡುತ್ತದೆ ಅನ್ನುವುದು ಗೊತ್ತು. ಅದು ಮನುಷ್ಯನ ಬಾಯಿಗೆ ಏನು ಮಾಡುತ್ತದೆ ಅನ್ನುವುದನ್ನೂ ಜೊತೆ ಕೆಲಸ ಮಾಡಿದವರಲ್ಲಿ ನೋಡಿದ್ದೇನೆ.

ಮೊದಲು ನಿಮ್ಮ ಅಪ್ಪನ ದುಃಖದ ಮಾತು. ಮನೆಯಲ್ಲಿ ಯಾರಾದರೂ ‘ಒಂದು ತಂಬಾಕಿಗೆ ಇಷ್ಟೊಂದಾ’ ಅಂತ ಅಂದಿದ್ದರೆ ಹಾಗೆ ಅನ್ನಬೇಡಿ. ಹಾಸನದಲ್ಲಿ ಒಂದು ಕಾಫಿ ಪುಡಿ ಅಂಗಡಿಯಿಂದ ಮೂವತ್ತು ವರ್ಷ ಪುಡಿ ತಂದವರಿಗೆ ಇದು ಅರ್ಥವಾಗುತ್ತದೆ. ಹುರಿಯುವ ಮನುಷ್ಯ ಬದಲಾದ ವಾರವೇ ಬೆಳಗಿನ ಲೋಟ ಬೇರೆಯಾಗುತ್ತದೆ, ಚಿಕೋರಿ ಅಷ್ಟೇ ಇದ್ದರೂ. ಪೈಪಿನವರಿಗೆ ಅದು ಇನ್ನೂ ಜಾಸ್ತಿ. ಸಿಗರೇಟು ಐದು ನಿಮಿಷದಲ್ಲಿ ಮುಗಿಯುತ್ತದೆ. ಪೈಪು ತುಂಬುವುದಕ್ಕೇ ಐದು ನಿಮಿಷ ಬೇಕು. ಚಿಟಿಕೆ ಚಿಟಿಕೆಯಾಗಿ ಹಾಕಬೇಕು, ಹೆಬ್ಬೆರಳಲ್ಲಿ ಒತ್ತಬೇಕು, ಮೊದಲ ಕಡ್ಡಿಗೆ ಮೇಲೆದ್ದ ಎಲೆಯನ್ನು ಮತ್ತೆ ತಗ್ಗಿಸಿ ಎರಡನೇ ಕಡ್ಡಿ ಗೀರಬೇಕು. ನಲವತ್ತೈದು ವರ್ಷಕ್ಕೂ ಮೇಲೆ ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ಜಗಲಿಯಲ್ಲಿ ಕೂತು ಇದನ್ನೇ ಮಾಡಿದವರಿಗೆ ತಂಬಾಕು ಹೋದರೆ ಆ ಹೊತ್ತೇ ಹೋದ ಹಾಗೆ.

ಈಗ ಕಂಪನಿಯ ವಿಷಯಕ್ಕೆ ಬರೋಣ. ಸಟ್ಲಿಫ್ ಶುರುವಾಗಿದ್ದು 1849ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಿನ್ನ ಹುಡುಕಿಕೊಂಡು ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಕಾಲ ಅದು. 1906ರ ಭೂಕಂಪದಲ್ಲಿ ಆ ಊರೇ ನೆಲ ಕಚ್ಚಿತು, ಕಂಪನಿ ಉಳಿಯಿತು. 1950ರ ದಶಕದಲ್ಲಿ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ಗೆ ಹೋಯಿತು. ನಮ್ಮ ಅರಕಲಗೂಡು ಸೀಮೆಯವರು ‘ವರ್ಜೀನಿಯಾ ಸೊಪ್ಪು’ ಅನ್ನುತ್ತಾರಲ್ಲ, ಆ ಹೆಸರಿನ ಮೂಲ ಊರಿನ ಕಡೆಯೇ. 2013ರಲ್ಲಿ ಡೆನ್ಮಾರ್ಕಿನ ಮ್ಯಾಕ್ ಬ್ಯಾರೆನ್ ಅದನ್ನು ಕೊಂಡಿತು. 2024ರಲ್ಲಿ ಆ ಮ್ಯಾಕ್ ಬ್ಯಾರೆನ್ ಅನ್ನೇ ಸ್ಕ್ಯಾಂಡಿನೇವಿಯನ್ ಟೊಬ್ಯಾಕೋ ಗ್ರೂಪ್ ಕೊಂಡಿತು. ಅದಾಗಿ ಒಂದು ವರ್ಷ ಕಳೆಯುವುದರೊಳಗೆ ರಿಚ್ಮಂಡ್ ಫ್ಯಾಕ್ಟರಿಯ ಬಾಗಿಲು ಹಾಕಿದರು. ಕೆಲವು ಹೆಸರುಗಳು ಡೆನ್ಮಾರ್ಕಿಗೆ ಹೋದವು, ಎಷ್ಟೋ ಹೆಸರುಗಳು ನಿಂತೇ ಹೋದವು.

ಇಲ್ಲಿ ನನಗೆ ತುಂಬ ಬೇಸರ ತಂದ ಒಂದು ಸಂಗತಿ ಇದೆ. ಬೇರೆ ಕಂಪನಿಗಳು ಮುಚ್ಚಿದಾಗ, ನಿಂತುಹೋದ ತಂಬಾಕಿನ ರುಚಿಗೆ ಹತ್ತಿರ ಬರುವ ಹಾಗೆ ಮಿಶ್ರಣ ಮಾಡಿ ಕೊಡುತ್ತಿದ್ದದ್ದು ಇದೇ ಸಟ್ಲಿಫ್. ಹಳೇ ತಂಬಾಕು ಕಳೆದುಕೊಂಡವರು ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಆ ಬಾಗಿಲಲ್ಲಿ. ಈಗ ಆ ಬಾಗಿಲೇ ಇಲ್ಲ.

ಸರ್ಕಾರ ಮುಚ್ಚಿಸಿತಾ ಅಂದರೆ, ಹಾಗೆ ಒಂದೇ ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ. ಕಾನೂನಿನ ಪಾಲು ಇದೆ. ಅಮೆರಿಕದಲ್ಲಿ 2016ರಲ್ಲಿ ಪೈಪಿನ ತಂಬಾಕನ್ನೂ ಆಹಾರ ಮತ್ತು ಔಷಧ ಇಲಾಖೆಯ ಕೈಕೆಳಗೆ ತಂದರು. 2007ರ ಫೆಬ್ರವರಿ 15ರ ಹೊತ್ತಿಗೆ ಮಾರುಕಟ್ಟೆಯಲ್ಲಿ ಇಲ್ಲದ ಮಿಶ್ರಣಕ್ಕೆ ಅನುಮತಿ ಪಡೆಯಬೇಕು ಎಂದಾಯಿತು. ವರ್ಷಕ್ಕೆ ಸ್ವಲ್ಪವೇ ಮಾರುವ ಒಂದು ಮಿಶ್ರಣಕ್ಕೆ ಅಷ್ಟು ಕಾಗದ, ಅಷ್ಟು ಖರ್ಚು ಯಾರು ಮಾಡುತ್ತಾರೆ? ಆದರೆ ಅದಕ್ಕಿಂತ ದೊಡ್ಡ ಕಾರಣ ಪೈಪು ಸೇದುವವರೇ ಕಡಿಮೆಯಾಗಿದ್ದು. ಸೇದುವವರು ಕಡಿಮೆಯಾದರೆ ಮೂರು ಫ್ಯಾಕ್ಟರಿ ಮಾಡುವ ಕೆಲಸವನ್ನು ಒಂದೇ ಫ್ಯಾಕ್ಟರಿ ಮಾಡಬಹುದು ಎಂದು ದೊಡ್ಡ ಕಂಪನಿಗೆ ಅನಿಸುತ್ತದೆ.

ಮೂರನೇ ಕಾರಣ ಎಲೆ. ಇದನ್ನು ಜನ ಮಾತಾಡುವುದೇ ಕಡಿಮೆ. ಅಮೆರಿಕದಲ್ಲಿ ತಂಬಾಕಿಗೆ ಇಂತಿಷ್ಟೇ ಬೆಳೆಯಬೇಕು ಎಂಬ ಕೋಟಾ ಇತ್ತು, ಅದರಿಂದ ಸಣ್ಣ ರೈತನಿಗೂ ಒಂದು ಬೆಲೆ ನಿಲ್ಲುತ್ತಿತ್ತು. 2004ರಲ್ಲಿ ಆ ವ್ಯವಸ್ಥೆಯನ್ನು ಕಿತ್ತು ರೈತರಿಗೆ ಪರಿಹಾರ ಕೊಟ್ಟು ಕಳಿಸಿದರು. ಸಾವಿರಾರು ಸಣ್ಣ ಬೆಳೆಗಾರರು ಬಿಟ್ಟರು. ಉಳಿದವರು ದೊಡ್ಡ ಹಿಡುವಳಿಯವರು, ಅವರು ಬೆಳೆಯುವುದು ಸಿಗರೇಟಿನವರಿಗೆ. ಪೈಪಿನವರಿಗೆ ಬೇಕಾದದ್ದು ಗಿಡದಲ್ಲೇ ಚೆನ್ನಾಗಿ ಮಾಗಿದ, ಕೆಂಪು ತಿರುಗಿದ, ಎಣ್ಣೆಯಂಶ ಇರುವ ಎಲೆ. ಅದಕ್ಕೆ ಕಾಯಬೇಕು, ಕಾಯುವ ರೈತನಿಗೆ ಜಾಸ್ತಿ ಬೆಲೆ ಕೊಡಬೇಕು. ಕ್ಯಾನ್ಸಸ್ ಸಿಟಿಯ ಮ್ಯಾಕ್‌ಕ್ಲೆಲೆಂಡ್ ಕಂಪನಿ 2018ರಲ್ಲಿ ಬಾಗಿಲು ಹಾಕಿದಾಗ ಅವರು ಹೇಳಿದ ಮುಖ್ಯ ಕಾರಣವೇ ಅದು, ಬೇಕಾದ ಎಲೆ ಸಿಗುತ್ತಿಲ್ಲ ಎಂದು. ಎಲೆ ಕೊಳ್ಳುವವನಾಗಿ ಆ ಮಾತು ನನಗೆ ಚೆನ್ನಾಗಿ ತಾಗಿತು.

ಯಾಕೆ ಅಂದರೆ ರಾಮನಾಥಪುರದಲ್ಲಿ ನಾನು ಅದನ್ನು ಕೈಯಾರೆ ಮುಟ್ಟಿದ್ದೇನೆ. ಬೆಳಿಗ್ಗೆ ಬೇಲ್‌ಗಳನ್ನು, ಅಂದರೆ ಎಲೆಯ ಮೂಟೆಗಳನ್ನು, ಸಾಲಾಗಿ ಇಟ್ಟಿರುತ್ತಾರೆ, ನಾವು ಕೊಳ್ಳುವವರು ಸಾಲಿನಲ್ಲಿ ನಡೆಯುತ್ತೇವೆ, ಒಂದು ಬೇಲ್‌ಗೆ ಸಿಗುವುದು ಕೆಲವೇ ಸೆಕೆಂಡು. ಮೇಲಿನ ಎಲೆ ನೋಡಿದರೆ ಆಗಲ್ಲ, ಕೈಯನ್ನು ಮೊಣಕೈ ತನಕ ಒಳಗೆ ಹಾಕಿ ನಡುವಿನಿಂದ ಒಂದು ಹಿಡಿ ಎಳೆಯಬೇಕು. ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅದು ನಿಧಾನವಾಗಿ ಬಿಚ್ಚಿಕೊಳ್ಳಬೇಕು. ಪಟಕ್ಕನೆ ಬಿಚ್ಚಿದರೆ ಒಣಗಿದೆ, ಬಿಚ್ಚದೇ ಮುದ್ದೆಯಾಗಿ ಉಳಿದರೆ ನೀರು ಜಾಸ್ತಿ. ಬೆರಳಿಗೆ ತೆಳ್ಳಗೆ ಅಂಟು ಹತ್ತಬೇಕು, ಒಣ ಹುಲ್ಲಿಗೆ ಜೇನು ಸವರಿದ ಹಾಗೆ ವಾಸನೆ ಬರಬೇಕು. ಬ್ರೈಟ್, ಮೀಡಿಯಂ, ಲೋ ಗ್ರೇಡ್ ಅಂತ ಮೂರು ಮಾತಿನಲ್ಲಿ ಎಲ್ಲ ಮುಗಿಯುತ್ತದೆ, ಆದರೆ ಆ ಮೂರರ ಒಳಗೆ ನೂರು ಇವೆ. ಒಂದೇ ರೈತ, ಒಂದೇ ಹೊಲ, ಮಳೆ ಹತ್ತು ದಿನ ಆಚೀಚೆಯಾದರೆ ಎಲೆ ಬೇರೆ.

ಅದಕ್ಕೇ ಹೇಳುವುದು, ತಂಬಾಕಿನ ರುಚಿ ಚೀಟಿಯಲ್ಲಿ ಬರೆದ ಅಳತೆಯಲ್ಲಿ ಇಲ್ಲ. ಅದು ಎಲೆಯಲ್ಲಿ ಇದೆ, ಆ ಎಲೆಯನ್ನು ಪ್ರತಿ ವರ್ಷ ಮುಟ್ಟಿ ‘ಈ ಸಲ ಇದು ಸ್ವಲ್ಪ ಕಡಿಮೆ, ಅದು ಸ್ವಲ್ಪ ಜಾಸ್ತಿ’ ಎಂದು ಸರಿಮಾಡುತ್ತಿದ್ದ ಕೈಗಳಲ್ಲಿ ಇದೆ. ಫ್ಯಾಕ್ಟರಿ ಮುಚ್ಚಿದಾಗ ಅಳತೆಯ ಚೀಟಿ ಡೆನ್ಮಾರ್ಕಿಗೆ ಹೋಗಬಹುದು. ಆ ಕೈಗಳು ಹೋಗುವುದಿಲ್ಲ. ಆವಿ ಕೊಡುವ ಯಂತ್ರ ಬೇರೆ, ಒತ್ತುವ ಅಚ್ಚು ಬೇರೆ, ಕತ್ತರಿಸುವ ಅಗಲ ಬೇರೆ.

ಇದಕ್ಕೆ ಒಳ್ಳೇ ಉದಾಹರಣೆ ಡನ್‌ಹಿಲ್. ಆ ಹೆಸರಿನ ಪೈಪಿನ ತಂಬಾಕು 2018ರಲ್ಲಿ ನಿಂತಿತು, ಆಗಲೂ ಲೋಕದ ಪೈಪಿನವರೆಲ್ಲ ಸೂತಕದ ಹಾಗೆ ಕೂತರು. ಮುಂದಿನ ವರ್ಷವೇ ಅರ್ಲಿ ಮಾರ್ನಿಂಗ್ ಪೈಪ್, ನೈಟ್‌ಕ್ಯಾಪ್, ಮೈ ಮಿಕ್ಸ್ಚರ್ 965 ಎಲ್ಲ ಪೀಟರ್ಸನ್ ಎಂಬ ಹೆಸರಿನ ಡಬ್ಬಿಯಲ್ಲಿ ವಾಪಸ್ ಬಂದವು. ಅಲ್ಲಿ ಮಾಡುವ ಜಾಗ ಬದಲಾಗಿರಲಿಲ್ಲ, ಡಬ್ಬಿಯ ಮೇಲಿನ ಹೆಸರು ಮಾತ್ರ ಬದಲಾಗಿದ್ದು. ಹಾಗಾಗಿ ಅದು ಸಾಧ್ಯವಾಯಿತು. ನಿಮ್ಮ ಅಪ್ಪನದು ಉಲ್ಟಾ. ಹೆಸರು ಉಳಿದರೂ ಮಾಡುವ ಜಾಗವೇ ಹೋಗಿದೆ.

ಹಾಗಾಗಿ ಬೆಂಗಳೂರಲ್ಲಿ ‘ಅದೇ ತಂಬಾಕು ಬೇರೆ ಹೆಸರಲ್ಲಿ’ ಎಂದು ಹೇಳಿದವರ ಮಾತನ್ನು ನಂಬಬೇಡಿ. ಹತ್ತಿರದ್ದು ಸಿಗಬಹುದು, ಅದೇ ಅಲ್ಲ. ಇನ್ನೊಂದು ಕಾಳಜಿ. ನಮ್ಮ ದೇಶದಲ್ಲಿ ಮಾರುವ ತಂಬಾಕಿನ ಡಬ್ಬಿಯ ಮೇಲೆ ಶೇ 85ರಷ್ಟು ಜಾಗದಲ್ಲಿ ಚಿತ್ರದ ಎಚ್ಚರಿಕೆ ಇರಲೇಬೇಕು. ವಿದೇಶಿ ಡಬ್ಬಿ ಅಂತ ತೋರಿಸಿ, ಮೇಲೆ ಆ ಚಿತ್ರ ಇಲ್ಲ, ಆಮದು ಮಾಡಿದವರ ವಿಳಾಸ ಇಲ್ಲ, ಬೆಲೆ ಮುದ್ರಿಸಿಲ್ಲ ಅಂದರೆ ಅದು ಕಳ್ಳದಾರಿಯಲ್ಲಿ ಬಂದಿದೆ, ಇಲ್ಲಾ ಒಳಗಿರುವುದೇ ಬೇರೆ. ತೆರೆದು ತುಂಬಿ ಮತ್ತೆ ಮುಚ್ಚಿದ ಡಬ್ಬಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಣ್ಣ ತರುವುದಾದರೂ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ತಂಬಾಕು 125 ಗ್ರಾಂ, ಅಷ್ಟೇ. ಹೊರಡುವ ಮುಂಚೆ ಕಸ್ಟಮ್ಸ್‌ನ ಇತ್ತೀಚಿನ ನಿಯಮ ಒಂದು ಸಲ ನೋಡಿಕೊಳ್ಳಲಿ. ‘ಈಗ ಸಿಗುವುದನ್ನೆಲ್ಲ ಕೊಂಡು ಇಟ್ಟುಕೊಳ್ಳೋಣ’ ಎಂದು ಪೆಟ್ಟಿಗೆ ತುಂಬ ತರುವ ಆಸೆಗೆ ಬೀಳಬೇಡಿ. ದುಡ್ಡು ದಂಡ, ವಿಮಾನ ನಿಲ್ದಾಣದಲ್ಲಿ ಅವಮಾನ ಬೇರೆ.

ಸೋದರಮಾವನ ಎಲೆ. ಅವರು ಪ್ರೀತಿಯಿಂದ ಹೇಳಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬೇಡ. ಕಾರಣ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ನನಗೆ ತುಂಬ ಜನ ಕೇಳಿದ್ದಾರೆ.

ಅವರ ಬ್ಯಾರನ್‌ನಿಂದ (ಎಲೆ ಬೇಯಿಸುವ ಮನೆಯಿಂದ) ಇಳಿಸಿದ ಎಲೆ ಪೂರ್ತಿ ತಯಾರಾದ ತಂಬಾಕಲ್ಲ. ಬ್ಯಾರನ್‌ನಲ್ಲಿ ಆಗುವುದು ಬೇಯಿಸುವ ಕೆಲಸ ಮಾತ್ರ. ಮೊದಲು ಕಡಿಮೆ ಶಾಖದಲ್ಲಿ ಎಲೆಗೆ ಹಳದಿ ಬರಿಸುತ್ತಾರೆ, ಆಮೇಲೆ ಬಣ್ಣ ನಿಲ್ಲಿಸುತ್ತಾರೆ, ಆಮೇಲೆ ಎಲೆ ಒಣಗಿಸಿ, ಕೊನೆಗೆ 70 ಡಿಗ್ರಿ ಹತ್ತಿರ ಶಾಖ ಏರಿಸಿ ನಡುವಿನ ದಪ್ಪ ನರ ಒಣಗಿಸುತ್ತಾರೆ. ಸುಮಾರು ಐದಾರು ದಿನದ ಕೆಲಸ. ಹರಾಜಾದ ಮೇಲೆ ಆ ಎಲೆ ಮತ್ತೆ ಒಣಗಿಸುವ ಕಾರ್ಖಾನೆಗೆ ಹೋಗುತ್ತದೆ, ನರ ಬೇರೆ ಎಲೆ ಬೇರೆಯಾಗುತ್ತದೆ, ಪೆಟ್ಟಿಗೆಯಲ್ಲಿ ಒಂದೆರಡು ವರ್ಷ ಗೋದಾಮಿನಲ್ಲಿ ಕೂರುತ್ತದೆ. ಆ ಕೂರುವ ಕಾಲದಲ್ಲೇ ಅದರ ಕಾರ ಇಳಿಯುವುದು. ಹೊಸ ಅಕ್ಕಿಗೂ ಹಳೇ ಅಕ್ಕಿಗೂ ಇರುವ ಹಾಗೆ, ಅದಕ್ಕಿಂತ ಜಾಸ್ತಿಯೇ ವ್ಯತ್ಯಾಸ. ಪೈಪಿನ ತಂಬಾಕಿಗೆ ಅದಾದ ಮೇಲೂ ಆವಿ ಕೊಡುವುದು, ಅಚ್ಚಿನಲ್ಲಿ ಒತ್ತಿಡುವುದು, ಬೇರೆ ಬೇರೆ ಎಲೆ ಕೂಡಿಸುವುದು ಎಲ್ಲ ಇದೆ. ನೆರಳಲ್ಲಿ ಒಣಗಿಸಿದ ಬರ್ಲಿ ಎಂಬ ಜಾತಿಯ ಎಲೆ ಬೇಕು, ಕೆಲವಕ್ಕೆ ಸೈಪ್ರಸ್‌ನಲ್ಲಿ ಸೌದೆಯ ಹೊಗೆಯಲ್ಲಿ ತೂಗುಹಾಕಿ ಕಪ್ಪು ಮಾಡಿದ ಲಟಾಕಿಯಾ ಬೇಕು, ಕೆಲವಕ್ಕೆ ಲೂಯಿಸಿಯಾನದಲ್ಲಿ ಪೀಪಾಯಿಯೊಳಗೆ ಒತ್ತಿ ಹುಳಿ ಬರಿಸಿದ ಪೆರೀಕ್ ಬೇಕು. ಅದು ಯಾವುದೂ ನಮ್ಮ ಜಗಲಿಯಲ್ಲಿ ಆಗುವ ಕೆಲಸ ಅಲ್ಲ.

ಹೀಗೆ ಅರೆಬರೆ ಹದವಾದ ಎಲೆಗೆ ಬೆಲ್ಲದ ನೀರು ಹಾಕಿದರೆ ಏನಾಗುತ್ತದೆ? ಬೆಲ್ಲ ಪೈಪಿನ ಬಟ್ಟಲಲ್ಲಿ ಕರಗಿ ಸುಟ್ಟು ಡಾಂಬರಿನ ಹಾಗೆ ಅಂಟುತ್ತದೆ. ನೀರು ಜಾಸ್ತಿಯಾದ ತಂಬಾಕು ಆವಿ ಬಿಡುತ್ತದೆ, ನಾಲಿಗೆ ಸುಡುತ್ತದೆ. ನಿಮ್ಮ ಸಕಲೇಶಪುರದ ಮಳೆಗಾಲದಲ್ಲಿ ಅದು ನಾಲ್ಕು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಇದರ ಜೊತೆಗೆ, ಹೊಲದಲ್ಲಿ ತಲೆ ಚಿವುಟಿದ ಮೇಲೆ ಪಕ್ಕದ ಕುಡಿ ಬಾರದಿರಲು ಹಚ್ಚುವ ಔಷಧಿ, ಹುಳಕ್ಕೆ ಹೊಡೆದ ಔಷಧಿ, ಎಲೆಯ ನಡುವೆ ಸೇರುವ ಗೋಣಿ ದಾರ, ಪ್ಲಾಸ್ಟಿಕ್ ಚೂರು. ಇವನ್ನು ಆರಿಸಿ ತೆಗೆಯಲು ಕಾರ್ಖಾನೆಯಲ್ಲಿ ಸಾಲಾಗಿ ಜನ ನಿಂತಿರುತ್ತಾರೆ. ಮಾವನ ಮನೆಯಲ್ಲಿ ಯಾರು ಆರಿಸುತ್ತಾರೆ? ಇನ್ನು ವರ್ಜೀನಿಯಾ ಸೊಪ್ಪನ್ನು ತಂಬಾಕು ಮಂಡಳಿಯ ಹರಾಜಿನ ಹೊರಗೆ ಮಾರುವಂತಿಲ್ಲ. ಸುಮ್ನೆ ಅವರ ಲೈಸೆನ್ಸಿಗೆ ತೊಂದರೆ ತರುವುದು ಯಾಕೆ.

ಹಳೇ ಡಬ್ಬಿ ವಿಷ ಅನ್ನುವುದು ಸುಳ್ಳು. ತಂಬಾಕು ಹೊಸದಿರಲಿ ಹಳೇದಿರಲಿ ಅದರ ಕೆಡುಕು ಅದರಲ್ಲಿ ಇದ್ದೇ ಇದೆ, ಹಳೇದಾಯಿತು ಅನ್ನುವ ಕಾರಣಕ್ಕೇ ಅದು ವಿಷವಾಗುವುದಿಲ್ಲ. ಗಾಳಿಯಾಡದ ಹಾಗೆ ಮುಚ್ಚಿದ ಡಬ್ಬಿಯಲ್ಲಿ ವರ್ಜೀನಿಯಾ ಎಲೆ ಜಾಸ್ತಿ ಇದ್ದರೆ ಐದು ಹತ್ತು ವರ್ಷಕ್ಕೆ ಇನ್ನೂ ಮೆತ್ತಗೆ, ಸಿಹಿಯಾಗುತ್ತದೆ. ಲಟಾಕಿಯಾ ಇದ್ದರೆ ಅದರ ಹೊಗೆವಾಸನೆ ವರ್ಷಗಳ ಮೇಲೆ ಮಂಕಾಗುತ್ತದೆ. ಮೇಲಿನಿಂದ ಸುವಾಸನೆ ಹಾಕಿದ ತಂಬಾಕಿಗೆ ಹಳೇದಾದರೆ ಲಾಭ ಏನಿಲ್ಲ.

ಭಯ ಇರಬೇಕಾದದ್ದು ಬೂಸ್ಟಿಗೆ. ನಿಮ್ಮ ಹನ್ನೊಂದು ವರ್ಷದ ಡಬ್ಬಿಯನ್ನು ತೆರೆಯುವ ಮುಂಚೆ ಬೆಳಕಿಗೆ ಹಿಡಿದು ಅಂಚು ಪೂರ್ತಿ ನೋಡಿ. ಮಲೆನಾಡಿನ ತೇವಕ್ಕೆ ಡಬ್ಬಿಯ ತಳ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿದ್ದರೂ ಸಾಕು. ಮುಚ್ಚಳ ಎತ್ತುವಾಗ ‘ಉಸ್’ ಎಂದು ಗಾಳಿಯ ಸದ್ದು ಬಂದರೆ ಒಳ್ಳೇದು, ಬಿಗಿ ಇನ್ನೂ ಇದೆ ಅಂತ ಅರ್ಥ. ಒಳಗೆ ಎಲೆಯ ಮೇಲೆ ಬಿಳಿ ಕಂಡರೆ ತಕ್ಷಣ ಎಸೆಯಬೇಡಿ, ಹಾಗಂತ ಮೂಗಿಗೆ ಹತ್ತಿರ ಹಿಡಿದು ಜೋರಾಗಿ ಮೂಸಲೂ ಬೇಡಿ. ಬಿಸಿಲಿಗೆ ವಾಲಿಸಿ ನೋಡಿ. ಕಲ್ಲುಸಕ್ಕರೆ ಪುಡಿಯ ಹಾಗೆ ಮಿನುಗಿದರೆ ಅದು ಎಲೆಯೊಳಗಿಂದಲೇ ಬಂದ ಹರಳು, ಭಯವಿಲ್ಲ. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ, ನೂಲುನೂಲಾಗಿ ಇದ್ದು, ಹಳೇ ಒದ್ದೆ ಗೋಣಿಯ ವಾಸನೆ ಬಂದರೆ ಬೂಸ್ಟು. ‘ಮೇಲಿನದು ತೆಗೆದು ಕೆಳಗಿನದು ಸೇದುತ್ತೇನೆ’ ಅಂದರೆ ಬಿಡಬೇಡಿ. ಪೂರ್ತಿ ಡಬ್ಬಿ ಹೊರಗೆ ಹಾಕಿ.

ತೆರೆದ ಡಬ್ಬಿಯದನ್ನು ಇವತ್ತೇ ರಬ್ಬರ್ ಬಳೆ ಇರುವ ಗಾಜಿನ ಜಾಡಿಗೆ ಹಾಕಿ. ಚೆನ್ನಾಗಿ ತೊಳೆದು ಎರಡು ದಿನ ಒಣಗಿಸಿದ ಜಾಡಿ ಆಗಬೇಕು, ಉಪ್ಪಿನಕಾಯಿ ಇದ್ದ ಜಾಡಿ ಬೇಡವೇ ಬೇಡ, ಎಷ್ಟು ತೊಳೆದರೂ ಆ ಇಂಗಿನ ವಾಸನೆ ಹೋಗಲ್ಲ. ಬೀರುವಿನ ಕೆಳಗಿನ ಅರೆ ಒಳ್ಳೇದು, ಆದರೆ ನುಸಿಗುಳಿಗೆ ಇಟ್ಟ ಬೀರು ಅಲ್ಲ. ಫ್ರಿಜ್ಜು ಬೇಡ. ಒಣಗಿದ ತಂಬಾಕಿಗೆ ಸೇಬಿನ ಹೋಳು, ಆಲೂಗೆಡ್ಡೆ ಹೋಳು ಹಾಕಿಡುವ ಅಭ್ಯಾಸ ಹಳೇ ಪೈಪಿನವರಲ್ಲಿ ಇದೆ, ನಿಮ್ಮ ಅಪ್ಪನೂ ಮಾಡುತ್ತಿರಬಹುದು. ಬೂಸ್ಟಿಗೆ ಅದಕ್ಕಿಂತ ಒಳ್ಳೇ ಆಹ್ವಾನ ಬೇರೆ ಇಲ್ಲ. ಅದರ ಬದಲು ತಂಬಾಕನ್ನು ಅಗಲ ಬಟ್ಟಲಲ್ಲಿ ಹರಡಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ತಾಗದ ಹಾಗೆ ಕಟ್ಟಿ ಒಂದು ರಾತ್ರಿ ಬಿಟ್ಟರೆ ಸಾಕು. ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ತಂಬಾಕಿನ ಕಂದು ಹುಳ, ಕೊತ್ತಂಬರಿ ಬೀಜ, ಅರಿಸಿನಕ್ಕೂ ಬರುವುದು ಅದೇ.

ಇಷ್ಟೆಲ್ಲ ಹೇಳಿದೆ ಅಂದರೆ ‘ಸೇದಲಿ ಬಿಡಿ’ ಅಂತ ಅರ್ಥ ಅಲ್ಲ. ಈಗ ಬಾಯಿಯ ವಿಷಯ.

‘ಎದೆಗೆ ಎಳೆಯಲ್ಲ, ಅದಕ್ಕೇ ಏನೂ ಆಗಲ್ಲ’ ಎಂಬ ಮಾತು ಪೈಪಿನವರ ಬಾಯಲ್ಲಿ ನಾನು ಕೇಳಿದಷ್ಟು ಸಲ ಬೇರೆ ಯಾವ ಮಾತೂ ಕೇಳಿಲ್ಲ. ಅರ್ಧ ಸತ್ಯ ಅದು. ಹೊಗೆ ಎಳೆದುಕೊಳ್ಳದಿದ್ದರೆ ಶ್ವಾಸಕೋಶಕ್ಕೆ ಹೋಗುವುದು ಕಡಿಮೆ, ಆದರೂ ಶ್ವಾಸಕೋಶದ ಕ್ಯಾನ್ಸರ್ ಸೇದದವರಿಗಿಂತ ಪೈಪಿನವರಿಗೆ ಜಾಸ್ತಿಯೇ. ಆ ಹೊಗೆ ಎಲ್ಲಿ ನಿಲ್ಲುತ್ತದೆ? ತುಟಿ, ನಾಲಿಗೆ, ಕೆನ್ನೆಯ ಒಳಗೆ, ಗಂಟಲಲ್ಲಿ. ಪೈಪಿನ ತಂಬಾಕಿನ ಹೊಗೆ ಸಿಗರೇಟಿನ ಹೊಗೆಗಿಂತ ಕ್ಷಾರ ಜಾಸ್ತಿ ಇರುವುದರಿಂದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಎದೆ ತನಕ ಹೋಗುವ ಅಗತ್ಯವೇ ಇಲ್ಲ. ಚರ್ಮದಿಂದ ನಿಕೋಟಿನ್ ಒಳಗೆ ಹೋಗುತ್ತದಾ ಎಂದು ಅಪ್ಪ ಕೇಳಿದರೆ ಸೋದರಮಾವನಿಗೆ ಫೋನ್ ಹಚ್ಚಿ ಕೊಡಿ. ಮಳೆಯಲ್ಲಿ ನೆನೆದ ಹೊಗೆಸೊಪ್ಪು ಕಿತ್ತ ದಿನ ಆಳುಗಳು ತಲೆ ತಿರುಗಿ ವಾಂತಿ ಮಾಡುವುದು ಬೆಳೆಗಾರರಿಗೆಲ್ಲ ಗೊತ್ತು. ಕಂಕುಳಲ್ಲಿ ಹಿಡಿದ ಒದ್ದೆ ಎಲೆಯಿಂದಲೇ ಅಷ್ಟಾಗುತ್ತದೆ. ಬಾಯಿಯ ಒಳಚರ್ಮ ಕಂಕುಳಿಗಿಂತ ಎಷ್ಟು ಬೇಗ ಹೀರಿಕೊಳ್ಳುತ್ತದೆ, ಅಲ್ವಾ?

ಬಿಳಿ ಮಚ್ಚೆ ಎಲ್ಲ ಕ್ಯಾನ್ಸರ್ ಅಲ್ಲ. ಪೈಪಿನವರಿಗೆ ಬಾಯಿಯ ಮೇಲಿನ ಅಂಗಳ ಬೆಳ್ಳಗಾಗಿ ನಡುವೆ ಕೆಂಪು ಚುಕ್ಕಿ ಬರುವುದು ಬಿಸಿ ಹೊಗೆಯಿಂದ, ಸೇದುವುದು ಬಿಟ್ಟರೆ ಅದು ಹೆಚ್ಚಾಗಿ ತಾನೇ ಇಳಿಯುತ್ತದೆ. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆಗೆ ಲ್ಯುಕೋಪ್ಲೇಕಿಯಾ ಅನ್ನುತ್ತಾರೆ. ಅದರಲ್ಲಿ ಹಲವು ಸುಮ್ಮನೆ ಹಾಗೇ ಇರುತ್ತವೆ, ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ. ಯಾವುದು ಯಾವುದಾಗುತ್ತದೆ ಎಂದು ಕಣ್ಣಿನಲ್ಲಿ ನೋಡಿ ಯಾರೂ ಹೇಳಲಾರರು. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಎರಡು ವಾರಕ್ಕೂ ಹೋಗದ ಮಚ್ಚೆ, ಹುಣ್ಣು ಯಾವುದಿದ್ದರೂ ತೋರಿಸಬೇಕು. ನಿಮ್ಮ ಅಪ್ಪನದು ಆಗಲೇ ತಿಂಗಳಾಯಿತು.

ನಮ್ಮ ಜೊತೆ ಒಬ್ಬರು ಹಿರಿಯ ಗ್ರೇಡರ್ ಇದ್ದರು, ನನಗೆ ಎಲೆ ಮುಟ್ಟುವುದನ್ನು ಕಲಿಸಿದವರು. ಪೈಪು ಕೆಳತುಟಿಯ ಎಡಗಡೆ ಒಂದೇ ಜಾಗದಲ್ಲಿ ಕೂರುತ್ತಿತ್ತು. ಅಲ್ಲಿ ಒಂದು ಸಣ್ಣ ಒಡಕು ಬಂತು. ಚಳಿಗಾಲದ ಒಡಕು ಅಂತ ತುಪ್ಪ ಹಚ್ಚಿದರು. ಬೇಸಿಗೆ ಬಂದರೂ ಹೋಗಲಿಲ್ಲ, ಆಗಲೂ ತುಪ್ಪ ಹಚ್ಚಿದರು. ನಾವೆಲ್ಲ ದಿನವೂ ಅವರ ಎದುರೇ ಕೂತು ಊಟ ಮಾಡುತ್ತಿದ್ದೆವು, ಒಬ್ಬರೂ ‘ಹೋಗಿ ತೋರಿಸಿ’ ಅನ್ನಲಿಲ್ಲ. ತೋರಿಸುವ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಆ ಒಡಕು ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಮೊದಲ ತಿಂಗಳಲ್ಲೇ ಹೋಗಿದ್ದರೆ ಸಣ್ಣ ಆಪರೇಷನ್‌ನಲ್ಲಿ ಮುಗಿಯಬಹುದಿತ್ತು ಎಂದು ಡಾಕ್ಟರು ಹೇಳಿದ್ದರು.

ಅಪ್ಪನನ್ನು ಒಪ್ಪಿಸುವಾಗ ಪೈಪಿನ ಮಾತು ಎತ್ತಬೇಡಿ. ‘ಬಿಟ್ಟುಬಿಡಿ’ ಎಂದ ಕೂಡಲೇ ಅವರಿಗೆ ಎರಡನೇ ಸಲ ಸಾವಿನ ಸುದ್ದಿ ಕೇಳಿದ ಹಾಗಾಗುತ್ತದೆ. ಪರೀಕ್ಷೆ ಮಾತ್ರ, ಅದು ಏನು ಅಂತ ತಿಳಿದುಕೊಳ್ಳಲು ಮಾತ್ರ ಅನ್ನಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ತೋರಿಸಬಹುದು, ಅಲ್ಲಿಂದ ಮುಂದಕ್ಕೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಇದೆ. ನೀವೂ ಜೊತೆಗೆ ಹೋಗಿ, ಒಬ್ಬರನ್ನೇ ಕಳಿಸಬೇಡಿ.

ಅದಾದ ಮೇಲೆ ಮುಂದಿನ ದಾರಿ. ನನಗೆ ಕಾಣುವುದು ಮೂರು, ಮೂರೂ ಒಂದೇ ತೂಕದವಲ್ಲ.

ಉತ್ತಮವಾದದ್ದು ಈ ಡಬ್ಬಿಗಳ ಜೊತೆಗೇ ನಿಲ್ಲಿಸುವುದು. 74ರಲ್ಲಿ ಬಿಟ್ಟು ಏನು ಲಾಭ ಅನ್ನುತ್ತಾರೆ. ಲಾಭ ಇದೆ. ಹೃದಯಕ್ಕೆ ಬೇಗ ಇದೆ, ಬಾಯಿಗೆ ವರ್ಷಗಳ ಮೇಲೆ ಇದೆ, ಮುಂದೆ ಏನಾದರೂ ಚಿಕಿತ್ಸೆ ಬೇಕಾದರೆ ಬಿಟ್ಟವರಿಗೆ ಗಾಯ ಬೇಗ ಮಾಯುತ್ತದೆ. ಎರಡು ಮೂರು ವಾರ ಸಿಟ್ಟು, ನಿದ್ದೆ ಬಾರದಿರುವುದು, ಮಲಬದ್ಧತೆ ಬರಬಹುದು, ಮನೆಯವರು ಅದಕ್ಕೆ ಸಿದ್ಧ ಇರಬೇಕು. ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ ಎಲ್ಲ ಸಿಗುತ್ತವೆ, ಆದರೆ ಬಿಪಿ, ಹೃದಯದ ಮಾತ್ರೆ ನುಂಗುವವರಾದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ತಂಬಾಕು ಬಿಡುವವರಿಗೆಂದೇ ಸರ್ಕಾರದ ಉಚಿತ ಫೋನ್ ಇದೆ, 1800112356, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಇ-ಸಿಗರೇಟಿನ ಕಡೆ ಮಾತ್ರ ಹೋಗಬೇಡಿ, 2019ರಿಂದ ನಮ್ಮ ದೇಶದಲ್ಲಿ ಅದರ ಮಾರಾಟಕ್ಕೇ ನಿಷೇಧ ಇದೆ.

ಎರಡನೆಯದು, ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದು, ಅವರು ಬಿಡಲು ಒಪ್ಪದೇ ಇದ್ದರೆ, ಇರುವುದನ್ನೇ ಭಾನುವಾರಕ್ಕೊಂದು ಬಟ್ಟಲು ಅಂತ ಎಳೆಯುವುದು. ಇದರಲ್ಲಿ ಅಪಾಯ ಇದೆ, ಭಾನುವಾರ ಬೇಗ ಬುಧವಾರವಾಗುತ್ತದೆ. ಆರು ತಿಂಗಳಿಗೊಮ್ಮೆ ಬಾಯಿ ತೋರಿಸುವ ಷರತ್ತಿನ ಮೇಲೆ ಮಾತ್ರ ಇದಕ್ಕೆ ಒಪ್ಪಿ.

ಮೂರನೆಯದು ಬೇರೆ ತಂಬಾಕು ಹುಡುಕುವುದು. ಹೇಳದೇ ಬಿಟ್ಟರೆ ನೀವೇ ಹುಡುಕುತ್ತೀರಿ ಅಂತ ಹೇಳುತ್ತಿದ್ದೇನೆ. ನನ್ನ ಮನಸ್ಸು ಒಪ್ಪುವುದಿಲ್ಲ. ಹತ್ತಿರದ್ದು ಸಿಕ್ಕಿದರೆ ‘ಅದಲ್ಲ’ ಎಂದು ಇನ್ನೊಂದು, ಅದೂ ಅಲ್ಲ ಎಂದು ಮತ್ತೊಂದು, ಹೀಗೆ ಹುಡುಕುತ್ತಾ ಮೊದಲಿಗಿಂತ ಜಾಸ್ತಿ ಸೇದಿದವರನ್ನು ನೋಡಿದ್ದೇನೆ. ಬಿಳಿ ಮಚ್ಚೆ ಇರುವ ಬಾಯಿಗೆ ಅದು ಬೇಡ.

ಹನ್ನೊಂದು ವರ್ಷದ ಡಬ್ಬಿಯನ್ನು ತೆರೆಯದೇ ಇಟ್ಟರೂ ಆಗುತ್ತದೆ ಎಂದು ಅವರಿಗೆ ಹೇಳಿ ನೋಡಿ. ಒಂದು ಡಬ್ಬಿ ಬೀರುವಿನಲ್ಲಿ ಇದೆ ಅನ್ನುವ ಧೈರ್ಯದಲ್ಲೇ ಬಿಟ್ಟವರು ಇದ್ದಾರೆ. ಪೈಪನ್ನ ಮಾತ್ರ ಅವರ ಕಣ್ಣಿಂದ ಮರೆ ಮಾಡಬೇಡಿ. ಬಟ್ಟಲ ಒಳಗಿನ ಕರಿಯನ್ನು ಕೆರೆದು, ಕೊಳವೆಗೆ ಕಡ್ಡಿ ಬಟ್ಟೆ ಹಾಕಿ ಒರೆಸಿ, ಮೇಲಿನ ಮರಕ್ಕೆ ಒಣ ಬಟ್ಟೆಯಲ್ಲಿ ಹೊಳಪು ಕೊಡುವುದು ಒಂದು ಸಂಜೆಯ ಕೆಲಸ. ಅವರ ಜೊತೆ ಕೂತು ಅದನ್ನು ಕಲಿತುಕೊಳ್ಳಿ. 1978ರಲ್ಲಿ ಆ ಮ್ಯಾನೇಜರ್ ಪೈಪು ಕೊಟ್ಟ ದಿನ ಏನು ಹೇಳಿದರು ಅಂತ ಕೇಳಿ. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆಯೇ ಇದನ್ನು ಮಾಡಿದರೆ ಒಳ್ಳೇದು.

ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ. ತೆರೆಯದ ಎರಡು ಡಬ್ಬಿಗಳ ತಳದಲ್ಲಿ ಒತ್ತಿದ ಅಂಕಿ ಏನಾದರೂ ಇದ್ದರೆ ಅದನ್ನೂ ಬರೆದುಕೊಳ್ಳಿ, ತುಕ್ಕಿನ ಫೋಟೋ ಜೊತೆಗೆ ಕಳಿಸಿದರೆ ಒಳಗಿನ ಎಲೆಯ ಬಗ್ಗೆ ನನ್ನ ಅಂದಾಜು ಹೇಳುತ್ತೇನೆ.